ಹನ್ನೆರಡು ಮಿಲಿಮೀಟರ್, ನಾಲ್ಕು ಸೂತ್

ಲಿಫ್ಟ್ ಕೂರಿಸುವ ಕಂಪನಿಯೊಂದರಲ್ಲಿ ಇಪ್ಪತ್ತೇಳು ವರ್ಷ ದುಡಿದು, ಐವತ್ಮೂರಕ್ಕೇ ಸ್ವಯಂನಿವೃತ್ತಿ ತೆಗೆದುಕೊಂಡವನು ನಾನು. ಕಾರಣ ಬಿ.ಪಿ. ಅಂತ ಆಫೀಸಿಗೆ ತಿಳಿಸಿದೆ. ಹೆದರಿಕೆ ಅಂತ ತಿಳಿಸಿದ್ದರೆ ‘ಇಷ್ಟು ವರ್ಷ ಏನು ಮಾಡುತ್ತಿದ್ದೆ?’ ಅಂತ ಕೇಳುತ್ತಿದ್ದರು. ಇಷ್ಟು ವರ್ಷವೂ ಹೆದರುತ್ತಲೇ ಇದ್ದೆ. ನನ್ನ ಹೆಂಡತಿ ಸುಮಾ ಹೇಳುವ ಹಾಗೆ, “ನಿಮಗ ಪಗಾರ ಕೊಡತಿದ್ದದ್ದು ಲಿಫ್ಟ್ ಹಾಕೂದಕ್ಕಲ್ರೀ, ಅಂಜೂದಕ್ಕ.”

ಐಟಿಐ ಮುಗಿಸಿ ಈ ಕೆಲಸಕ್ಕೆ ಬರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೋಟರು, ಬ್ರೇಕು, ಕಂಟ್ರೋಲರು ಎಲ್ಲ ನಿಮಗೆ ಕ್ಲಾಸಿನಲ್ಲಿ ಹೇಳಿಕೊಟ್ಟಿರುತ್ತಾರೆ. ಹೇಳಿಕೊಡದೆ ಬಿಟ್ಟದ್ದು ಒಂದುಂಟು. ಡ್ರಾಯಿಂಗಿನಲ್ಲಿರುವುದು ಮಿಲಿಮೀಟರು, ಮುಂಬಯಿಯ ಬಾಯಲ್ಲಿರುವುದು ಫೂಟು, ಇಂಚು, ಸೂತು. ಸೂತ್ ಅಂದರೆ ಇಂಚಿನ ಎಂಟರಲ್ಲಿ ಒಂದು ಭಾಗ. ಬಡಗಿ, ಫಿಟ್ಟರ್, ವೆಲ್ಡರ್, ಹಾರ್ಡ್‌ವೇರ್ ಅಂಗಡಿಯವ, ಎಲ್ಲರೂ ಸೂತಿನಲ್ಲೇ ಉಸಿರಾಡುತ್ತಾರೆ. ಸರ್ಕಾರ ಮೆಟ್ರಿಕ್ ತಂದದ್ದು ನಾನು ಹುಟ್ಟುವುದಕ್ಕೂ ಮೊದಲೇ. ಆದರೆ ಆ ಸುದ್ದಿ ಲಿಫ್ಟಿನ ಬಾವಿಯೊಳಗೆ ಇನ್ನೂ ಪೂರ್ತಿ ಇಳಿದಿಲ್ಲ.

ನನ್ನ ಮೇಲಧಿಕಾರಿ ಸಾವಂತ್ ಸಾಹೇಬರು ನೌಕರಿಯ ಮೊದಲ ವಾರವೇ ನನಗೊಂದು ಸೂತ್ರ ಕೊಟ್ಟರು. “ದೇಸಾಯಿ, ಫೂಟಿಗೆ ಮುನ್ನೂರು, ಇಂಚಿಗೆ ಇಪ್ಪತ್ತೈದು, ಸೂತಿಗೆ ಮೂರು. ಇಷ್ಟು ನೆನಪಿಟ್ಟರೆ ಸಾಕು.”

“ಸಾಹೇಬ್, ಫೂಟಿಗೆ ಮುನ್ನೂರಾ ನಾಲ್ಕು ಚಿಲ್ಲರೆ ಅಲ್ಲವೇ?”

“ಚಿಲ್ಲರೆ ದೇವರಿಗೆ ಬಿಡು.”

ದೇವರು ಆ ಚಿಲ್ಲರೆಯನ್ನು ಜೋಪಾನವಾಗಿ ಕೂಡಿಸಿಟ್ಟಿದ್ದು ನಮಗೆ ಪರೇಲಿನಲ್ಲಿ ಗೊತ್ತಾಯಿತು. ಹಳೆ ಮಿಲ್ಲಿನ ಜಾಗದಲ್ಲಿ ಎದ್ದ ಹದಿನಾಲ್ಕು ಮಹಡಿಯ ಕಟ್ಟಡ ಅದು. ಒಂದೊಂದು ಮಹಡಿಗೆ ಹತ್ತು ಫೂಟು ಎಂದ ಬಿಲ್ಡರ್. ನಮ್ಮ ಆಫೀಸು ಒಂದೊಂದಕ್ಕೆ ಮೂರು ಸಾವಿರ ಮಿಲಿಮೀಟರ್ ಹಿಡಿದು ರೋಪಿಗೆ ಆರ್ಡರ್ ಕೊಟ್ಟಿತು. ರೋಪು ಬಂತು, ಮೇಲಿನ ಚಕ್ರದ ಮೇಲೆ ಹಾಯಿಸಿದೆವು, ಕೆಳಗೆ ಬಿಟ್ಟೆವು. ತುದಿ ಬಂದು ಎದೆಮಟ್ಟದಲ್ಲಿ ನಿಂತಿತು. ಎರಡು ಅಡಿ ಗಿಡ್ಡ. ನಾನು ಅದನ್ನು ಜಗ್ಗಿ ನೋಡಿದೆ. ಉಕ್ಕಿನ ರೋಪು ಜಗ್ಗಿದರೆ ಉದ್ದವಾದೀತು ಎಂಬ ಆಸೆಯಿಂದ. ನಮ್ಮ ಹಿರಿಯ ಫಿಟ್ಟರ್ ಬಸಣ್ಣ ವಿಜಯಪುರದ ಕಡೆಯವನು. ಅವನು ಕೆಳಗಿನಿಂದ ಅದನ್ನೇ ನೋಡುತ್ತ, “ಸಾಹೇಬ್ರ, ಬಿಲ್ಡಿಂಗ್ ಎರಡು ಫೂಟ್ ಕೆಳಗ ಇಳಸಾಕ ಆಕ್ಕೈತೇನ್ ಕೇಳ್ರಿ” ಅಂದ.

ಅವತ್ತು ಯಾರಿಗೂ ಏನೂ ಆಗಲಿಲ್ಲ, ಬೈಗುಳ ಬಿಟ್ಟರೆ. ಗಿಡ್ಡ ರೋಪಿನ ಗುಣವೆಂದರೆ ಅದು ಕಣ್ಣಿಗೆ ಕಾಣುತ್ತದೆ. ಕಾಣದೆ ಇರುವುದರ ಮಾತು ಮುಂದೆ ಬರುತ್ತದೆ.

ಇನ್ನೊಂದು ಸಂಗತಿ ಗ್ರಾಂಟ್ ರೋಡಿನ ಹಳೆಯ ಲಾಡ್ಜಿನದು. ಜನ ನಿಲ್ಲುವ ಲಿಫ್ಟಿನ ಗೂಡು ಓಡಾಡುವುದು ಎರಡು ಕಬ್ಬಿಣದ ಹಳಿಗಳ ನಡುವೆ ಎಂಬುದು ನಿಮಗೆ ಗೊತ್ತಿರುತ್ತದೆ. ಆ ಹಳಿಗಳನ್ನು ಸೀದಾ ನಿಲ್ಲಿಸುವುದೇ ಅರ್ಧ ಕೆಲಸ. ಲಿಫ್ಟು ಓಡುವ ಬಾವಿಯಲ್ಲಿ ಮಾತು ಪ್ರತಿಧ್ವನಿಸುವುದರಿಂದ ಅಲ್ಲಿ ಯಾರೂ ಪೂರ್ತಿ ವಾಕ್ಯ ಹೇಳುವುದಿಲ್ಲ, ಬರೀ ಸಂಖ್ಯೆ ಕೂಗುತ್ತಾರೆ. ಬಸಣ್ಣ ಕೆಳಗಿನಿಂದ “ಐದು!” ಎಂದು ಕೂಗಿದ. ನಾನು ಮೇಲೆ ಹಳಿಯನ್ನು ಐದು ಮಿಲಿಮೀಟರ್ ಸರಿಸಿದೆ. ಅವನು ಕೂಗಿದ್ದು ಐದು ಸೂತ್, ಅಂದರೆ ಅದರ ಮೂರು ಪಟ್ಟು. ಟ್ರಯಲ್ ದಿನ ಲಾಡ್ಜಿನ ಮ್ಯಾನೇಜರು, ಬೇಡ ಬೇಡವೆಂದರೂ ಕೇಳದೆ, ಹೂವಿನ ಹಾರ ಹಾಕಿದ ಲಿಫ್ಟಿನೊಳಗೆ ತಾನೇ ಮೊದಲು ನಿಂತ. ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ಗೂಡು ಹಳಿಗೆ ಕಚ್ಚಿಕೊಂಡು ನಿಂತುಬಿಟ್ಟಿತು. ಅವನನ್ನು ಹೊರಗೆ ತೆಗೆಯುವಷ್ಟರಲ್ಲಿ ಹಾರದ ಹೂವೆಲ್ಲ ಕಿತ್ತುಹೋಗಿತ್ತು. ಒಳಗೆ ಏನು ಮಾಡುತ್ತಿದ್ದನೋ ಕೇಳುವ ಧೈರ್ಯ ನನಗಾಗಲಿಲ್ಲ.

ಇನ್ನು ಮುಂದೆ ಸಂಖ್ಯೆಯ ಜೊತೆಗೆ ಅದು ಸೂತೋ ಮಿಲಿಮೀಟರೋ ಕೂಗಲೇಬೇಕು ಅಂತ ಅವತ್ತು ನಾನೂ ಬಸಣ್ಣನೂ ಒಪ್ಪಂದ ಮಾಡಿಕೊಂಡೆವು. ಅದು ಊಟದ ಹೊತ್ತಿನ ತನಕ ನಡೆಯಿತು.

ಇವು ನಗುವಂಥವು. ಈಗ ಹೇಳುವುದನ್ನು ನಾನು ನಗುತ್ತ ಹೇಳಿ ನೋಡಿದ್ದೇನೆ. ಆಗುವುದಿಲ್ಲ.

ಲಿಫ್ಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಬೋಲ್ಟು ಹನ್ನೆರಡು ಮಿಲಿಮೀಟರಿನದು. ಅದನ್ನು ಮುಂಬಯಿಯಲ್ಲಿ ಯಾರೂ ‘ಹನ್ನೆರಡು’ ಅನ್ನುವುದಿಲ್ಲ, ‘ಚಾರ್ ಸೂತ್’ ಅನ್ನುತ್ತಾರೆ. ನಾಲ್ಕು ಸೂತ್ ಅಂದರೆ ಅರ್ಧ ಇಂಚು, ಅಂದರೆ ಹನ್ನೆರಡೂ ಮುಕ್ಕಾಲಿನ ಹತ್ತಿರ. ಮುಕ್ಕಾಲು ಮಿಲಿಮೀಟರಿಗಾಗಿ ಯಾರು ಹೆಸರು ಬದಲಾಯಿಸುತ್ತಾರೆ? ಸಾವಂತ್ ಸಾಹೇಬರು ಫೋನಿನಲ್ಲಿ “ಚಾರ್ ಸೂತ್ ಕಳಿಸು” ಎಂದರೆ, ಲಿಫ್ಟಿನವರಿಗೆ ಬೇಕಾದದ್ದು ಹನ್ನೆರಡರದು ಅಂತ ಹಾರ್ಡ್‌ವೇರ್ ಅಂಗಡಿಯ ಮುದುಕ ಸೇಠನಿಗೆ ಗೊತ್ತು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಮುದುಕ ಸೇಠ್ ಕಣ್ಣಿನ ಆಪರೇಷನ್ನಿಗೆ ಹೋದ. ಗಲ್ಲೆಯಲ್ಲಿ ಅವನ ಸೊಸೆ ಕೂತಳು. ಪಾಪ, ಆಕೆ ಕೇಳಿದ್ದನ್ನೇ ಕೊಟ್ಟಳು. ಬೋಲ್ಟು ನಮ್ಮ ಸ್ಟೋರಿನಲ್ಲಿದ್ದ ಹನ್ನೆರಡರದು. ಆಕೆ ಕಳಿಸಿದ ಚೀಲದ ನಟ್ಟುಗಳು ಅಪ್ಪಟ ಅರ್ಧ ಇಂಚಿನವು.

ಎರಡಕ್ಕೂ ಹತ್ತೊಂಬತ್ತರ ಪಾನಾ, ಅಂದರೆ ಸ್ಪ್ಯಾನರು, ಸರಿಯಾಗಿ ಕೂರುತ್ತದೆ. ನಟ್ಟು ಬೋಲ್ಟಿಗೆ ಏರುತ್ತದೆ. ಕೆಲವು ಸುತ್ತು ತಿರುಗಿ ಥ್ರೆಡ್ಡಿಗೆ ಥ್ರೆಡ್ಡು ಸಿಕ್ಕಿಹಾಕಿಕೊಂಡು ಬಿಗಿಯಾಗುತ್ತದೆ. ಪಾನಾ ಹಿಡಿದವನ ಕೈಗೆ ‘ಆಯಿತು, ಟೈಟ್’ ಎಂದೇ ತಿಳಿಯುತ್ತದೆ. ಅದು ಬಿಗಿಯಲ್ಲ, ಜಗಳ. ಎರಡು ಬೇರೆ ಬೇರೆ ಅಳತೆಗಳು ಒಂದನ್ನೊಂದು ಕಚ್ಚಿಕೊಂಡಿವೆ ಅಷ್ಟೆ. ದಿನವೂ ಅದುರುತ್ತಿದ್ದರೆ ಒಂದು ದಿನ ಕಚ್ಚು ಬಿಡುತ್ತದೆ.

ಬೊರಿವಲಿಯ ಹೊಸ ಸೈಟಿನಲ್ಲಿ ಬಸಣ್ಣ ಒಂದು ಮಧ್ಯಾಹ್ನ ಹಾಕಿದ ನಟ್ಟನ್ನು ಮತ್ತೆ ತೆಗೆಯಬೇಕಾಗಿ ಬಂತು. ಅದು ತಿರುಗಲಿಲ್ಲ. ಸುತ್ತಿಗೆಯಿಂದ ಒಂದು ಏಟು ಹಾಕಿದ. ನಟ್ಟು ತಿರುಗದೆ, ಟೊಪ್ಪಿಗೆಯ ಹಾಗೆ ಬೋಲ್ಟಿನಿಂದ ಕಳಚಿ ಬಿತ್ತು.

ಬಸಣ್ಣ ಚೀಲದಿಂದ ಇನ್ನೊಂದು ನಟ್ಟು ತೆಗೆದು, ಬೋಲ್ಟಿಗೆ ಬೆರಳಿನಿಂದಲೇ ಎರಡು ಸುತ್ತು ಏರಿಸಿ ಅಲ್ಲಾಡಿಸಿದ. ಹಲ್ಲು ಸಡಿಲಾದ ಹಾಗೆ ಲಡಲಡ ಅಂದಿತು.

“ಸಾಹೇಬ್ರ, ಇದರ ನಟ್ ಇದಲ್ರೀ.”

“ಈ ಚೀಲ ಎಂದು ಬಂದದ್ದೋ?”

“ಹೋದ ತಿಂಗಳ. ಇದರಾಗಿಂದ ಅರ್ಧಾ ಚೀಲ ಸಯನ್ ಕೆಲಸಕ್ಕ ಒಯ್ದಿದ್ವಲ್ರೀ. ಶೆಟ್ಟರ ಬಿಲ್ಡಿಂಗಿಗೆ.”

ಸಯನ್ನಿನ ಆ ಏಳು ಮಹಡಿಯ ಬಿಲ್ಡಿಂಗಿನಲ್ಲಿ ಕೌಂಟರ್‌ವೇಟಿನ ಹಳಿ ಬಿಗಿದದ್ದು ಆ ನಟ್ಟುಗಳಿಂದ. ಕೌಂಟರ್‌ವೇಟ್ ಅಂದರೆ ಗೂಡಿಗೆ ಸಮತೂಕದ ಕಬ್ಬಿಣದ ಭಾರ. ಗೂಡು ಮೇಲೆ ಹೋದರೆ ಅದು ಹಿಂಬದಿಯಲ್ಲಿ ತನ್ನ ಹಳಿಯ ಮೇಲೆ ಕೆಳಗೆ ಬರುತ್ತದೆ. ನಡುದಾರಿಯಲ್ಲಿ ಎರಡೂ ಒಂದನ್ನೊಂದು ದಾಟುತ್ತವೆ; ನಡುವೆ ಅಂತರ ಒಂದು ಗೇಣಿಗಿಂತ ಕಡಿಮೆ. ಹಳಿ ಸಡಿಲಾಗಿ ಭಾರ ವಾಲಿದರೆ ದಾಟುವುದಿಲ್ಲ, ಡಿಕ್ಕಿ ಹೊಡೆಯುತ್ತದೆ. ಒಳಗಿದ್ದವರ ಗತಿ ನಾನು ಬರೆಯಬೇಕಾಗಿಲ್ಲ.

ಇನ್ನೂ ಒಂದು ನೆನಪಾಯಿತು. ಸೊಸೈಟಿಯ ಸೆಕ್ರೆಟರಿ ಶೆಟ್ಟರು ವಾರದ ಹಿಂದೆ ಫೋನ್ ಮಾಡಿದ್ದರು. “ದೇಸಾಯರೆ, ಮೂರನೇ ಮಾಳಿಗೆ ದಾಟುವಾಗ ಟಕ್ ಅಂತ ಒಂದು ಶಬ್ದ ಉಂಟು ಮಾರಾಯ್ರೆ.” ಮೂರನೆಯದು ದಾಟಿದರೆ ಏಳು ಮಹಡಿಯ ನಡುದಾರಿ. ಹೊಸ ಲಿಫ್ಟು, ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು ಅಂತ ನಮ್ಮ ಆಫೀಸು ಉತ್ತರ ಕೊಟ್ಟಿತ್ತು. ಹೊಸ ಮದುಮಗಳ ಬಗ್ಗೆ ಹೇಳುವ ಹಾಗೆ.

ಸಾವಂತ್ ಸಾಹೇಬರಿಗೆ ಫೋನ್ ಹಚ್ಚಿದೆ. ಎಲ್ಲ ಕೇಳಿಸಿಕೊಂಡರು. ಆಮೇಲೆ, “ನೀನು ಹೆದರುಪುಕ್ಕ, ಗೊತ್ತು. ಗದ್ದಲ ಮಾಡಬೇಡ. ಭಾನುವಾರ ಸರ್ವಿಸಿಂಗ್ ಅಂತ ಹೇಳಿ ಬದಲಾಯಿಸಿಬಿಡೋಣ” ಅಂದರು.

ಅವತ್ತು ಗುರುವಾರ.

ಹೆದರುಪುಕ್ಕನಿಗೊಂದು ಸೌಲಭ್ಯವಿದೆ. ಮೇಲಧಿಕಾರಿಗೆ ಹೆದರುವುದಕ್ಕಿಂತ ಹೆಚ್ಚು ಹೆದರಿಸುವಂಥದ್ದು ಇನ್ನೊಂದು ಕಂಡರೆ, ಮೇಲಧಿಕಾರಿ ಸಣ್ಣವರಾಗಿ ಕಾಣುತ್ತಾರೆ. ಶೆಟ್ಟರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅವರ ಹೋಟೆಲಿನಲ್ಲಿ ಅದು ಊಟದ ಗದ್ದಲದ ಹೊತ್ತು. ವಾಚ್‌ಮನ್‌ಗೆ ಮಾಡಿದೆ.

“ಲಿಫ್ಟ್ ಬಂದ್ ಮಾಡು. ಖತರಾ ಇದೆ.”

“ಸಾಬ್, ಸೆಕ್ರೆಟರಿ ಹೇಳದೆ ಬಂದ್ ಮಾಡಿದರೆ ನನ್ನ ನೌಕರಿಗೆ ಖತರಾ ಇದೆ.”

“ಆಯಿತು, ಯಾರನ್ನೂ ಹತ್ತಿಸಬೇಡ. ಅಷ್ಟು ಮಾಡು.”

“ಶೆಟ್ಟಿ ಸೇಠರ ಮಗಳು ಈಗಷ್ಟೇ ಮೇಲೆ ಹೋದರಲ್ಲ. ಸಂಜೆ ಮುಂಚೆ ಡಾಕ್ಟರ್ ಕಡೆ ಹೋಗಲಿಕ್ಕೆ ಮತ್ತೆ ಇಳಿಯುತ್ತಾರೆ. ಎಂಟು ತಿಂಗಳ ಹೊಟ್ಟೆ, ಮೆಟ್ಟಿಲು ಇಳಿಯಿರಿ ಅಂತ ನಾನು ಹ್ಯಾಗೆ ಹೇಳಲಿ ಸಾಬ್?”

ನಾನೂ ಬಸಣ್ಣನೂ ದಾದರಿನ ತನಕ ಲೋಕಲ್ ಹಿಡಿದೆವು. ಬೊರಿವಲಿಯಿಂದ ದಾದರ್ ಫಾಸ್ಟ್ ಟ್ರೇನಿನಲ್ಲಿ ದೂರವೇನಲ್ಲ. ಅವತ್ತು ಅದು ಬೇರೆ ರಾಜ್ಯದಲ್ಲಿತ್ತು. ಬಾಗಿಲ ಬಳಿ ಕಂಬ ಹಿಡಿದು ನಿಂತು, ಆ ಕಂಬ ಬಿಗಿದ ಬೋಲ್ಟುಗಳನ್ನೇ ನೋಡುತ್ತಿದ್ದೆ. ತಲೆಯೊಳಗೆ ಬೇಡದ ಲೆಕ್ಕ ಓಡುತ್ತಿತ್ತು. ತಿಂಗಳಿಂದ ನಡೆದ ಲಿಫ್ಟು ಇನ್ನೊಂದು ಗಂಟೆ ನಡೆಯುತ್ತದೆ ಅಂತ ಒಂದು ಮನಸ್ಸು. ತಿಂಗಳಿಂದ ಸಡಿಲಾಗುತ್ತ ಬಂದದ್ದು ಈ ಗಂಟೆಯಲ್ಲೇ ಕಳಚುತ್ತದೆ ಅಂತ ಇನ್ನೊಂದು. ಇಪ್ಪತ್ತು ಸಲ ಶೆಟ್ಟರ ನಂಬರು ಒತ್ತಿದೆನೋ ಏನೋ. ಬಸಣ್ಣ ನನ್ನ ಕೈಯಿಂದ ಫೋನ್ ಇಸಿದುಕೊಂಡ.

“ಬ್ಯಾಟರಿ ಇಡ್ರಿ ಸಾಹೇಬ್ರ. ಆಮ್ಯಾಲೆ ಬೇಕಾದೀತು.”

ಫೋನನ್ನು ತನ್ನ ಜೇಬಿಗೇ ಹಾಕಿಕೊಂಡ.

ದಾದರಿನಲ್ಲಿ ಗಾಡಿ ಬದಲಿಸಿ ಸಯನ್ನಿನಲ್ಲಿ ಇಳಿದು, ಸ್ಟೇಷನ್ನಿನಿಂದ ಓಡಿದೆವು. ನಾನು ಓಡಿದೆ ಅಂದರೆ ಸುಮಾ ಈಗಲೂ ನಂಬುವುದಿಲ್ಲ. ಬಿಲ್ಡಿಂಗಿನ ಕೆಳಗೆ ತಲುಪಿದಾಗ ಲಿಫ್ಟಿನ ಬಾಗಿಲ ಮೇಲೆ ಕೆಂಪು ಅಂಕಿ ಏಳು ತೋರಿಸುತ್ತಿತ್ತು. ನಾನು ನೋಡುತ್ತಿದ್ದ ಹಾಗೆ ಆರಾಯಿತು.

ವಾಚ್‌ಮನ್ ಅಂದ, “ಪೂರ್ಣಿಮಾ ದೀದಿ ಬರುತ್ತಿದ್ದಾರೆ.”

ಮೇನ್ ಸ್ವಿಚ್ ನನ್ನ ಕೈಗೆಟಕುವ ಹತ್ತಿರದಲ್ಲೇ ಇತ್ತು. ಕೈ ಅದರ ಮೇಲೆ ಹೋಯಿತು. ಬಸಣ್ಣ ಆ ಕೈಯನ್ನು ಹಿಡಿದ. ಅವನು ಹೇಳುವ ಮೊದಲೇ ನನಗೂ ಹೊಳೆಯಿತು. ಓಡುತ್ತಿರುವಾಗ ಕರೆಂಟು ಕಿತ್ತರೆ ಬ್ರೇಕು ಗಪ್ಪನೆ ಹಿಡಿಯುತ್ತದೆ, ಗೂಡು ಜರ್ಕು ಹೊಡೆಯುತ್ತದೆ, ಹಿಂದಿನ ಭಾರ ಎಗರುತ್ತದೆ. ಸಡಿಲಾದ ಹಳಿಗೆ ಅದೊಂದು ಎಗರು ಸಾಕು. ಅದರ ಪಾಡಿಗೆ ಅದನ್ನು ಬರಲು ಬಿಡುವುದೇ ವಾಸಿ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಕಲಿತ ವಿದ್ಯೆಯೆಲ್ಲ ಸೇರಿ ನನಗೆ ಹೇಳಿದ್ದು, ಏನೂ ಮಾಡಬೇಡ, ನಿಂತಿರು ಅಂತ.

ಐದು.

ಬಾಗಿಲಿಗೆ ಕಿವಿ ಹಚ್ಚಿದೆ. ಒಳಗೆ ಗಾಳಿ ಸುಯ್ಯೆನ್ನುತ್ತಿತ್ತು. ಮೇಲಿನಿಂದ ಹುಡುಗಿ ಫೋನಿನಲ್ಲಿ ಯಾರೊಂದಿಗೋ ನಗುತ್ತ ಮಾತಾಡುವುದು ಬಾವಿಯಲ್ಲಿ ಕೇಳಿಸುತ್ತಿತ್ತು.

ನಾಲ್ಕು. ಈಗ ಭಾರ ಎದುರಿಗೆ ಬರುತ್ತದೆ.

ಟಕ್.

ಅಷ್ಟೇ ಅಲ್ಲ, ಅದರ ಹಿಂದೆಯೇ ಕರ್ ಅಂತ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು. ಹುಡುಗಿಯ ಮಾತು ನಿಂತಿತು. ಬಸಣ್ಣ ಕಣ್ಣು ಮುಚ್ಚಿದ. ನನಗೆ ಮುಚ್ಚಲೂ ಆಗಲಿಲ್ಲ.

ಮೂರು. ಎರಡು.

ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಪೂರ್ಣಿಮಾ ಹೊರಗೆ ಬಂದಳು. ಮುಂಬಯಿಯಲ್ಲಿ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಮಾತು ತಡವರಿಸುತ್ತದೆ. ನನ್ನ ಮುಖ ನೋಡಿ, “ಅಂಕಲ್, ನೀವು ಠೀಕ್ ಇದ್ದೀರಾ? ಪಾನಿ ಬೇಕಾ?” ಅಂದಳು.

ನಾನು ಮೇನ್ ಸ್ವಿಚ್ ಬಂದ್ ಮಾಡಿದೆ. ಆಮೇಲೆ ನೀರೂ ಕುಡಿದೆ.

ಡಾಕ್ಟರ ಬಳಿ ಹೋಗಿ ಆಕೆ ವಾಪಸು ಬರುವ ಹೊತ್ತಿಗೆ ಶೆಟ್ಟರು ಬಂದಿದ್ದರು. ಲಾಬಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮಗಳನ್ನು ಕೂರಿಸಿ, ನನ್ನ ಕಡೆ ತಿರುಗಿದರು. “ಎಂಥದು ಇದು? ಹೇಳದೆ ಕೇಳದೆ ಬಂದ್ ಮಾಡುವುದಾ? ಇವಳು ಏಳು ಮಾಳಿಗೆ ಹತ್ತುವುದಾ ಈಗ?”

ಸರ್ವಿಸಿಂಗ್ ಎನ್ನಬಹುದಿತ್ತು. ಅಷ್ಟರಲ್ಲಿ ಬಸಣ್ಣ ಬಾವಿಯಿಂದ ಹೊರಬಂದು, ನಟ್ಟು ಬೋಲ್ಟು ಇದ್ದ ಅಂಗೈ ಚಾಚಿದ. ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ಹಳಿಯನ್ನು ಗೋಡೆಗೆ ಬಿಗಿಯುವ ಕಟ್ಟಿನಲ್ಲಿ ನಾಲ್ಕು ಬೋಲ್ಟುಗಳಿದ್ದವು. ಎರಡರ ನಟ್ಟುಗಳು ಕಳಚಿ ಬಾವಿಯ ತಳದಲ್ಲಿ ಬಿದ್ದಿದ್ದವು. ಮೂರನೆಯದು ಅವನು ಬೆರಳಿನಿಂದ ಮುಟ್ಟಿದ ಕೂಡಲೇ ಬಂದುಬಿಟ್ಟಿತ್ತು. ಹಳಿಯ ಆ ಕಟ್ಟು ಒಂದೇ ಒಂದರ ಮೇಲೆ ನಿಂತಿತ್ತು.

ಶೆಟ್ಟರಿಗೆ ಎಲ್ಲವನ್ನೂ ಇದ್ದ ಹಾಗೇ ಹೇಳಿದೆ. ಅವರು ನಟ್ಟು ಬೋಲ್ಟು ಎರಡನ್ನೂ ಕೈಗೆ ತೆಗೆದುಕೊಂಡು, ಒಂದನ್ನು ಇನ್ನೊಂದಕ್ಕೆ ಹಾಕಿ, ಅಲ್ಲಾಡಿಸಿ ನೋಡಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಹೋಗಿ ಮಗಳ ಪಕ್ಕದಲ್ಲಿ ನೆಲದ ಮೇಲೇ ಕೂತುಬಿಟ್ಟರು.

ಅಷ್ಟರಲ್ಲಿ ಹೊರಗೆ ಟ್ಯಾಕ್ಸಿ ನಿಂತಿತು. ಇಳಿದವರು ಸಾವಂತ್ ಸಾಹೇಬರು, ತೋಳಲ್ಲಿ ಹನ್ನೆರಡು ಮಿಲಿಮೀಟರಿನ ನಟ್ಟುಗಳ ಡಬ್ಬಿ. ಭಾನುವಾರ ಅಂದವರು ಗುರುವಾರವೇ ಬಂದಿದ್ದರು. ಶರ್ಟು ಬೆನ್ನಿಗೆ ಅಂಟಿತ್ತು. “ಎಷ್ಟು ಉಳಿದಿದ್ದವು?” ಎಂದು ಬಸಣ್ಣನನ್ನು ಕೇಳಿದರು. “ಒಂದು” ಅಂದ. ಸಾಹೇಬರು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, ತೋಳು ಮಡಚಿ, ಬಾವಿಯೊಳಗೆ ಇಳಿದರು. ಅವರು ಪಾನಾ ಹಿಡಿದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಕೆಲಸ ಕಲಿಯುವವರೇ, ಇದೊಂದು ಮಾಡಿ. ನಟ್ಟನ್ನು ಮೊದಲು ಬೆರಳಿನಿಂದ ಏರಿಸಿ, ಪಾನಾ ಆಮೇಲೆ. ಎರಡು ಸುತ್ತು ಏರಿದ ಮೇಲೆ ಅಲ್ಲಾಡಿಸಿ ನೋಡಿ. ಲಡಲಡ ಎಂದರೆ ಅದು ಅದರದಲ್ಲ. ಕೊನೆಯ ತನಕ ಬೆರಳಿಗೇ ಸಲೀಸಾಗಿ ಬರದಿದ್ದರೆ ತೆಗೆದು ಬಿಸಾಡಿ. ಅವತ್ತು ನಾವು ಮೇಲಿನಿಂದ ಕೆಳಗಿನ ತನಕ ಒಂದೊಂದನ್ನೂ ಹಾಗೆಯೇ ಏರಿಸಿದೆವು. ಬಸಣ್ಣ ಹಾಕಿದ್ದನ್ನು ನಾನು ಮುಟ್ಟಿ ನೋಡಿದೆ, ನಾನು ಮುಟ್ಟಿದ್ದನ್ನು ಸಾಹೇಬರು ಮುಟ್ಟಿ ನೋಡಿದರು.

ಮುಗಿದ ಮೇಲೆ ಬಸಣ್ಣ ಗೂಡಿನ ಮೇಲೆ ನಿಂತು ಓಡಿಸಿ ಬಂದ. ಖಾಲಿ ಓಡಿಸಿದೆವು, ಭಾರ ಹೇರಿ ಓಡಿಸಿದೆವು. ಸದ್ದಿಲ್ಲ. ಆದರೂ ಶೆಟ್ಟರು ಎದ್ದು ಬಂದು ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತರು.

“ಸರಿಯಾಗಿದೆ ಅಂತೀರಲ್ಲ ದೇಸಾಯರೆ, ಇವಳೊಟ್ಟಿಗೆ ನೀವು ಹೋಗಿ.”

ಪೂರ್ಣಿಮಾ ಒಳಗೆ ಬಂದು ನಿಂತಳು. ನಾನೂ ನಿಂತೆ. ಏಳು ಒತ್ತಿದೆ. ಒಂದು, ಎರಡು ದಾಟಿತು. ಮೂರು ಬಂದಾಗ ಇಬ್ಬರೂ ಉಸಿರು ಬಿಗಿ ಹಿಡಿದೆವು. ಹಿಂಬದಿಯಲ್ಲಿ ಭಾರ ದಾಟುವ ಮೆತ್ತನೆಯ ಗಾಳಿಯಷ್ಟೇ ಕೇಳಿಸಿತು. ನಾಲ್ಕು. ಐದು.

“ಅಂಕಲ್,” ಪೂರ್ಣಿಮಾ ಅಂದಳು, “ನನ್ನ ದುಪಟ್ಟಾ ಬಿಡ್ತೀರಾ?”

ನೋಡಿದೆ. ಆಕೆಯ ದುಪಟ್ಟಾದ ತುದಿ ನನ್ನ ಮುಷ್ಟಿಯಲ್ಲಿ ಮುದ್ದೆಯಾಗಿತ್ತು. ಯಾವ ಮಹಡಿಯಿಂದ ಹಿಡಿದಿದ್ದೆನೋ. ಬಿಟ್ಟು, ಸಾರಿ ಅಂದೆ. ಆಕೆ ನಕ್ಕಳು. ಏಳರಲ್ಲಿ ಬಾಗಿಲು ತೆರೆಯಿತು, ತಾಯಿ ಎದುರಿಗೆ ನಿಂತಿದ್ದರು. ಮಗಳನ್ನು ಒಳಗೆ ಕರೆದುಕೊಂಡು ಹೋದರು.

ಲಿಫ್ಟಿನ ಬಾಗಿಲು ನನಗಾಗಿ ತೆರೆದೇ ಇತ್ತು. ಒಳಗೆ ದೀಪ, ಫ್ಯಾನು, ಹೊಸ ಕನ್ನಡಿ. ಅದರ ಒಂದೊಂದು ನಟ್ಟೂ ಸರಿಯಾಗಿದೆ ಅಂತ ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನಾನು ತಿರುಗಿ ಮೆಟ್ಟಿಲ ಕಡೆ ನಡೆದೆ.

ನಾಲ್ಕನೆಯ ಮಹಡಿಯಲ್ಲಿ ಒಬ್ಬ ಹೆಂಗಸು ಕಾಯಿಪಲ್ಯದ ಚೀಲ ಹಿಡಿದು ಹೊರಟಿದ್ದರು. “ಲಿಫ್ಟ್ ರಿಪೇರಿ ಆಯಿತಾ ಭಾಯಿಸಾಬ್?”

“ಆಯಿತು ತಾಯಿ. ಒಂದು ನಂಬರ್ ಆಗಿದೆ” ಎಂದು ಹೇಳಿ ಇಳಿಯುತ್ತಲೇ ಇದ್ದೆ.

ಅವರು ಲಿಫ್ಟಿನ ಬಾಗಿಲನ್ನು ನೋಡಿದರು, ಗೋಡೆ ಹಿಡಿದು ಇಳಿಯುತ್ತಿದ್ದ ನನ್ನನ್ನು ನೋಡಿದರು. ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು, ನನ್ನ ಹಿಂದೆಯೇ ಮೆಟ್ಟಿಲು ಇಳಿಯತೊಡಗಿದರು.